ಟವಲಿನ ಮರೆಯ ಬೆಲೆ

ಚೌಕಾಸಿ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಅಷ್ಟಾಗಿ ಗೌರವವಿಲ್ಲ. ಅದು ಜಿಪುಣರ ಗುಣ, ಸಂಭಾವಿತರಿಗೆ ಸಲ್ಲದ ನಡೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ಹಾಗೆ ಭಾವಿಸುವ ಮನೆಗಳವರೇ ಬೆಳಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಬಂದ ತಾಯಿಯೊಡನೆ ಒಂದು ಕಟ್ಟು ಕೊತ್ತಂಬರಿಗಾಗಿ ವಾದ ಹೂಡಿ ಎರಡು ರೂಪಾಯಿ ಇಳಿಸಿಕೊಳ್ಳದೆ ಬಿಡುವುದಿಲ್ಲ. ಅದೇ ದಿನ ಮಧ್ಯಾಹ್ನ ಮೊಬೈಲ್ ಕಂಪೆನಿಯವರು ಕೇಳಿದ ನೂರಾರು ರೂಪಾಯಿಗಳನ್ನು ಮರುಮಾತಿಲ್ಲದೆ ತೆತ್ತು ಬರುತ್ತಾರೆ. ಬಿಸಿಲಿನಲ್ಲಿ ನಡೆದು ಬಂದ ಬಡವಳ ಮುಂದೆ ಏರುವ ನಮ್ಮ ದನಿ, ಕೋಟ್ಯಂತರ ಗಿರಾಕಿಗಳುಳ್ಳ ಸಂಸ್ಥೆಯ ಮುಂದೆ ಏಕೆ ಅಡಗಿಹೋಗುತ್ತದೆ? ಕಾಯಕದಿಂದ ಹೊಟ್ಟೆ ಹೊರೆಯುವವರೊಡನೆ ಚೌಕಾಸಿ ಮಾಡುವುದನ್ನು ಬಿಟ್ಟು, ಮಾಡಬೇಕಾದ ಕಡೆ ಮಾಡುವುದನ್ನು ನಾವು ಕಲಿಯಬೇಕಾಗಿದೆ.

ಲೆಕ್ಕ ಕೇಳುವುದು ಅಧರ್ಮವೆಂದು ನಮ್ಮ ಪರಂಪರೆಯಲ್ಲಿ ಯಾರೂ ಹೇಳಿಲ್ಲ. ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಲೆಕ್ಕ ನೋಡಿದ ಕೈಯೇ ಮಹಾಮನೆಯ ದಾಸೋಹವನ್ನೂ ನಡೆಸಿತು. ಹೀಗಿರುವಾಗ ಮನೆಯ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ನೋಡುವುದರಲ್ಲಿ ಸಂಕೋಚ ಪಡಬೇಕಾದದ್ದೇನಿದೆ?

ಈ ಲೆಕ್ಕವನ್ನು ಒಮ್ಮೆ ಕುಳಿತು ಮಾಡಿ ನೋಡಬೇಕು. ವರ್ಷಕ್ಕೆ ಹನ್ನೆರಡು ತಿಂಗಳೆಂದು ಮಕ್ಕಳಿಗೆ ಕಲಿಸುತ್ತೇವೆ. ಮೊಬೈಲಿನ ಪಂಚಾಂಗವೇ ಬೇರೆ. ಅಲ್ಲಿ ತಿಂಗಳೆಂದರೆ ಬಹುಮಟ್ಟಿಗೆ 28 ದಿನ. ಹದಿಮೂರು ಸಲ 28 ಎಂದರೆ 364. ಆದುದರಿಂದ ಹನ್ನೆರಡು ತಿಂಗಳ ವರ್ಷದಲ್ಲಿ ಹದಿಮೂರು ಸಲ ಹಣ ಕಟ್ಟಿದಂತಾಗುತ್ತದೆ. ಜನರ ದೂರು ಹೆಚ್ಚಾದ ಮೇಲೆ, ದೂರವಾಣಿ ಸಂಸ್ಥೆಗಳನ್ನು ನಿಯಂತ್ರಿಸಲು 1997ರಲ್ಲಿ ಸ್ಥಾಪಿತವಾದ ಟ್ರಾಯ್ ಪ್ರಾಧಿಕಾರವು 2022ರ ಜನವರಿಯಲ್ಲಿ ಒಂದು ಆಜ್ಞೆ ಹೊರಡಿಸಿತು. ಪ್ರತಿಯೊಂದು ಕಂಪೆನಿಯೂ 30 ದಿನಗಳ ಒಂದು ಯೋಜನೆಯನ್ನು, ಹಾಗೂ ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದು ಯೋಜನೆಯನ್ನು ಕಡ್ಡಾಯವಾಗಿ ಇಟ್ಟಿರಬೇಕೆಂಬುದು ಅದರ ಸಾರ. ಯೋಜನೆಗಳು ಬಂದವು. ಆದರೆ ಅವನ್ನು ಹೆಸರು ಹಿಡಿದು ಕೇಳುವ ಗಿರಾಕಿಗಳು ಎಷ್ಟು ಮಂದಿ?

ನಮ್ಮ ದೇಶದಲ್ಲಿ ಮೊಬೈಲಿನ ಬೆಲೆ ಇಳಿದ ಕಥೆಯನ್ನು ನೋಡಿದರೆ ಈ ಕೇಳುವಿಕೆಯ ಬಲ ಅರ್ಥವಾಗುತ್ತದೆ. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಮೊದಲ ಮೊಬೈಲ್ ಕರೆ ಹೋಯಿತು. ಆಗ ಕರೆ ಮಾಡಿದವರಷ್ಟೇ ಅಲ್ಲ, ಕರೆ ಬಂದವರೂ ಹಣ ತೆರಬೇಕಾಗಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಮಾತನಾಡಿದ ಸೆಕೆಂಡಿಗಷ್ಟೇ ದರ ಕಟ್ಟುವ ಪದ್ಧತಿ ಹರಡಿದ್ದು 2009ರಲ್ಲಿ. ಸಂಖ್ಯೆಯನ್ನು ಬದಲಾಯಿಸದೆ ಕಂಪೆನಿಯನ್ನು ಬದಲಾಯಿಸುವ ಸೌಲಭ್ಯ 2011ರ ಜನವರಿ 20ರಂದು ದೇಶದಾದ್ಯಂತ ಜಾರಿಗೆ ಬಂದಿತು. 2015ರ ಜುಲೈನಿಂದ ರಾಜ್ಯದ ಗಡಿ ದಾಟಿದರೂ ಅದೇ ಸಂಖ್ಯೆ ಉಳಿಯುವಂತಾಯಿತು. ಗಿರಾಕಿಯ ಕೈಗೆ ನಿಜವಾದ ಬಲ ಬಂದದ್ದು ಈ ಸೌಲಭ್ಯದಿಂದಲೇ. ಬಿಟ್ಟು ಹೋಗಬಲ್ಲವನ ಮಾತಿಗೆ ಮಾತ್ರ ಸಂತೆಯಲ್ಲಿ ಬೆಲೆಯುಂಟು.

ಹಾಗೆಂದು ದರ ಸದಾ ಇಳಿಯುತ್ತಲೇ ಇರುವುದಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪೆನಿಗಳೂ ಒಟ್ಟೊಟ್ಟಿಗೆ ದರ ಏರಿಸಿದವು. ಸರ್ಕಾರಿ ಸ್ವಾಮ್ಯದ ಬಿ.ಎಸ್.ಎನ್.ಎಲ್. ಆಗ ಏರಿಸಲಿಲ್ಲವಾದ್ದರಿಂದ ಅನೇಕರು ತಮ್ಮ ಸಂಖ್ಯೆಯನ್ನು ಅಲ್ಲಿಗೆ ಒಯ್ದರು. ಆ ಏರಿಕೆಯ ಬಿಸಿ ಹೆಚ್ಚಾಗಿ ತಟ್ಟಿದ್ದು, ಮಾತನಾಡುವುದಕ್ಕಷ್ಟೇ ಫೋನು ಇಟ್ಟುಕೊಂಡಿರುವ ವೃದ್ಧರಿಗೆ. ಅವರಿಗೆ ಬೇಡದ ಇಂಟರ್‌ನೆಟ್ಟನ್ನೂ ಸೇರಿಸಿಯೇ ಮಾರಲಾಗುತ್ತಿತ್ತು. ಈ ಅನ್ಯಾಯವನ್ನು ಮನಗಂಡು ಟ್ರಾಯ್ ಪ್ರಾಧಿಕಾರವು 2024ರ ಡಿಸೆಂಬರ್ 23ರಂದು ನಿಯಮವನ್ನು ತಿದ್ದಿ, ಕರೆ ಮತ್ತು ಕಿರುಸಂದೇಶಗಳಿಗಷ್ಟೇ ಸೀಮಿತವಾದ ಯೋಜನೆಯನ್ನು ಕಂಪೆನಿಗಳು ಕೊಡಲೇಬೇಕೆಂದು ವಿಧಿಸಿತು. 2025ರ ಜನವರಿಯಲ್ಲಿ ಅಂಥ ಯೋಜನೆಗಳು ಪೇಟೆಗೆ ಬಂದವು. ಆಗ 84 ದಿನಗಳಿಗೆ ಅವುಗಳ ಬೆಲೆ ಐನೂರು ರೂಪಾಯಿಯ ಒಳಗಿತ್ತು. ದಿನಕ್ಕೆ ಒಂದೂವರೆ ಜಿ.ಬಿ. ಇಂಟರ್‌ನೆಟ್ ಸೇರಿದ ಅಷ್ಟೇ ದಿನಗಳ ಯೋಜನೆಗೆ ಎಂಟುನೂರರ ಆಸುಪಾಸು ಇತ್ತು.

ನಮ್ಮ ಅಕ್ಕನವರು ಬಟವಾಡಿಯಲ್ಲಿ ವಾಸವಾಗಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು, ಭಾವನವರು ತೀರಿಕೊಂಡು ಕೆಲವು ವರ್ಷಗಳಾದವು. ಅವರ ಬಳಿ ಇರುವುದು ಗುಂಡಿ ಒತ್ತುವ ಚಿಕ್ಕ ಫೋನು. ಆದರೆ ಆ ಸಂಖ್ಯೆ ಚಿಕ್ಕದಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್, ಪಡಿತರ ಚೀಟಿ, ಪಿಂಚಣಿ, ಆಸ್ಪತ್ರೆಯ ಚೀಟಿ ಎಲ್ಲಕ್ಕೂ ಅದೇ ಸಂಖ್ಯೆ ಕೊಟ್ಟಿದೆ. ಪಿಂಚಣಿಯ ಹಣ ಖಾತೆಗೆ ಬಿದ್ದ ಸುದ್ದಿ ಬರುವುದೂ ಅದಕ್ಕೇ. ಊರ ಹೆಸರು ಹೇಗೆ ಬಂತೋ, ಕೇಳಿದಾಗಲೆಲ್ಲ ನಮಗೆ ಬಟವಾಡೆಯ ಮಾತೇ ನೆನಪಾಗುತ್ತದೆ. ಈ ಕಾಲದ ಬಟವಾಡೆ ಫೋನಿನ ಮೂಲಕವೇ ನಡೆಯುವುದರಿಂದ, ರೀಚಾರ್ಜು ತಪ್ಪಿ ಸಂಖ್ಯೆ ಕೈಬಿಟ್ಟರೆ ಒಂಟಿ ಮುದುಕಿಯೊಬ್ಬಳು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು! ಆ ಭಯದಿಂದಲೇ ಅಕ್ಕನವರು ಔಷಧಿಯ ದುಡ್ಡಿನಲ್ಲಿ ಉಳಿಸಿಯಾದರೂ 28 ದಿನಕ್ಕೊಮ್ಮೆ ಇಂಟರ್‌ನೆಟ್ ಸೇರಿದ ಯೋಜನೆಯನ್ನೇ ಹಾಕಿಸುತ್ತಿದ್ದರು.

ಕಳೆದ ವರ್ಷ ಅವರೊಡನೆ ಅಂಗಡಿಗೆ ಹೋಗಿದ್ದೆವು. ಮಾತಿಗಷ್ಟೇ ಇರುವ ಯೋಜನೆ ಕೊಡಪ್ಪಾ ಎಂದರೆ ಅಂಗಡಿಯ ಹುಡುಗ, "ಎಲ್ಲರೂ ಇದನ್ನೇ ಹಾಕಿಸ್ಕೊಳ್ಳೋದು ಅಜ್ಜಿ, ಬರೀ ಮಾತಾಡೋದು ಇಲ್ಲ" ಎಂದ. ಅವನೊಡನೆ ವಾದಿಸಿ ಫಲವಿಲ್ಲ. ಅವನಿಗೆ ದಕ್ಕುವುದು ಅಲ್ಪ ಕಮಿಷನ್ನು, ದರ ಇಳಿಸುವ ಅಧಿಕಾರವೂ ಅವನಿಗಿಲ್ಲ. ಮನೆಗೆ ಬಂದು ಅಕ್ಕನವರ ಫೋನಿನಿಂದ ಪೋರ್ಟ್ ಎಂಬ ಇಂಗ್ಲಿಷ್ ಪದವನ್ನೂ ಅವರ ಸಂಖ್ಯೆಯನ್ನೂ ಬರೆದು 1900ಕ್ಕೆ ಸಂದೇಶ ಕಳುಹಿಸಿದೆವು. ಬೇರೆ ಕಂಪೆನಿಗೆ ಹೋಗಲು ಬೇಕಾದ ಗುಪ್ತಸಂಖ್ಯೆ ಬಂದಿತು. ಮರುದಿನವೇ ಕಂಪೆನಿಯಿಂದ ಕರೆಯೂ ಬಂದಿತು. ಅದುವರೆಗೆ ಅವರನ್ನು ಕೇಳುವವರೇ ಇರಲಿಲ್ಲ. ಈಗ ಅವರು ಬಹುಮೂಲ್ಯ ಗ್ರಾಹಕರಾಗಿದ್ದರು. ಮುಂದಿನ ಮೂರು ರೀಚಾರ್ಜುಗಳಿಗೆ ದೊಡ್ಡ ರಿಯಾಯಿತಿ, ಜೊತೆಗೆ ಇನ್ನಷ್ಟು ಇಂಟರ್‌ನೆಟ್ ಕೊಡುತ್ತೇವೆಂದು ಆ ಹೆಣ್ಣುಮಗಳು ವಿನಯದಿಂದ ಹೇಳಿದಳು. ಅಕ್ಕನವರು ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲಮ್ಮ, ಪಕ್ಕದ ಮನೆಯವಳದ್ದೂ ನಿಮ್ಮ ಕಂಪೆನೀದೇ. ಅವಳಿಗೂ ಇದೇ ರೇಟು ಕೊಡ್ತೀರಾ?" ಎಂದರು.

"ಇಲ್ಲ ಮೇಡಂ, ಇದು ನಿಮ್ಮ ನಂಬರಿಗೆ ಮಾತ್ರ."

"ಅವಳು ಮಾಡಿದ ತಪ್ಪೇನಮ್ಮ?"

"ಅವರು ಪೋರ್ಟಿಗೆ ಹಾಕಿಲ್ಲ ಮೇಡಂ."

ಆ ಹುಡುಗಿ ಸುಳ್ಳು ಹೇಳಲಿಲ್ಲ. ಅವಳ ಉತ್ತರದಲ್ಲಿ ಇಡೀ ವ್ಯಾಪಾರದ ಗುಟ್ಟು ಇತ್ತು.

ನಮ್ಮ ಸೀಮೆಯವರಿಗೆ ಈ ಗುಟ್ಟು ಹೊಸದಲ್ಲ. ಶಿವರಾತ್ರಿಯ ಕಾಲದಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವಲು ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೆ ತಿಳಿಯುವುದು ಮುಖದ ಭಾವವಷ್ಟೇ. ಎತ್ತಿನ ಮಟ್ಟಿಗೆ ಇದನ್ನು ಒಪ್ಪಬಹುದು. ಒಂದು ಜೋಡಿಯಂತೆ ಇನ್ನೊಂದು ಇರುವುದಿಲ್ಲ. ಹಲ್ಲು, ಸುಳಿ, ನಡೆ ಎಲ್ಲವನ್ನೂ ನೋಡಿಯೇ ಬೆಲೆ ಕಟ್ಟಬೇಕು. ಆದರೆ ಮೊಬೈಲಿನ ಕರೆ ಹಾಗಲ್ಲ. ಅಕ್ಕನ ಮನೆಗೂ ಪಕ್ಕದ ಮನೆಗೂ ಅದೇ ಗೋಪುರದಿಂದ ಅದೇ ಕರೆ ಬರುತ್ತದೆ. ಸರಕು ಒಂದೇ ಆಗಿರುವಾಗ ಬೆಲೆಯನ್ನು ಟವಲಿನ ಮರೆಯಲ್ಲಿಡುವುದಕ್ಕೆ ನ್ಯಾಯವಾದ ಕಾರಣ ಯಾವುದು?

ಈ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿದೆ. ಆಯ್ದ ಗಿರಾಕಿಗಳಿಗೆ ಮಾತ್ರ ಕೊಡುವ ಇಂಥ ರಿಯಾಯಿತಿಗಳ ವಿವರವನ್ನು ತನಗೆ ಒಪ್ಪಿಸಬೇಕೆಂದು ಟ್ರಾಯ್ 2018ರ ಫೆಬ್ರವರಿಯಲ್ಲಿ ಆದೇಶಿಸಿತು. ಕಂಪೆನಿಗಳು ನ್ಯಾಯಮಂಡಳಿಯ ಮೊರೆಹೊಕ್ಕವು. ಕೊನೆಗೆ 2020ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿವರವನ್ನು ಪ್ರಾಧಿಕಾರಕ್ಕೆ ಕೊಡಬೇಕೆಂದು ನಿರ್ದೇಶಿಸಿತು. ಪ್ರಾಧಿಕಾರಕ್ಕೆ ತಿಳಿದರೆ ಸಾಲದು, ಪಕ್ಕದ ಮನೆಯವರಿಗೂ ತಿಳಿಯಬೇಕು ಎಂಬುದು ನಮ್ಮ ಅಭಿಪ್ರಾಯ.

ಅಕ್ಕನವರು ಆ ರಿಯಾಯಿತಿಯನ್ನು ಸ್ವೀಕರಿಸಲಿಲ್ಲ. "ನನ್ನ ಫೋನಲ್ಲಿ ಗುಂಡಿ ಬಿಟ್ರೆ ಬೇರೆ ಏನೂ ಇಲ್ಲ. ನೆಟ್ಟು ತಗೊಂಡು ಏನು ಮಾಡ್ಲಿ? ಮಾತಾಡೋದಷ್ಟೇ ಇರೋದು ಕೊಡು ತಾಯಿ" ಎಂದರು. ಆಗ ಆ ಹುಡುಗಿ, ಅಂಗಡಿಯಲ್ಲಿ ಇಲ್ಲವೆಂದಿದ್ದ 84 ದಿನಗಳ ಯೋಜನೆಯ ಮೊತ್ತವನ್ನು ಹೇಳಿದಳು. ಅದನ್ನೇ ಹಾಕಿಸಿದೆವು. ಪಕ್ಕದ ಮನೆಯವರೂ ಅದೇ ವಾರ ಅದನ್ನೇ ಹಾಕಿಸಿಕೊಂಡರು. ಗುಪ್ತಸಂಖ್ಯೆಯನ್ನು ಬಳಸದೆ ಬಿಟ್ಟದ್ದರಿಂದ ಅದು ಅವಧಿ ಮುಗಿದು ತಾನಾಗಿಯೇ ರದ್ದಾಯಿತು.

ಅಂದು ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದಷ್ಟನ್ನು ಇಟ್ಟು ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂಬ ಅರ್ಥದಲ್ಲಿ ತಿರುಗಿ ಕಳುಹಿಸಿದ ತಾಯಿ ಆಕೆ. ದಿನಕ್ಕೆ ಒಂದೂವರೆ ಜಿ.ಬಿ. ಎಂದು ಕಂಪೆನಿ ಅಳೆದುಕೊಡುವುದು, ಬಳಸದಿದ್ದರೆ ಮಧ್ಯರಾತ್ರಿಗೆ ಇಲ್ಲವಾಗುವ ಅಕ್ಕಿ. ಅಗ್ಗವಾಗಿ ಸಿಕ್ಕಿತೆಂದು ಬೇಡದ್ದನ್ನು ಕೊಳ್ಳುವುದು ಲಾಭವಲ್ಲ. ಚೌಕಾಸಿ ಮಾಡುವವನು ಮೊದಲು ತನಗೆ ಎಷ್ಟು ಬೇಕೆಂದು ತಿಳಿದಿರಬೇಕು. ಅದು ತಿಳಿಯದವನಿಗೆ ಕಂಪೆನಿಯೇ ತಿಳಿಸಿಕೊಡುತ್ತದೆ, ತನಗೆ ಅನುಕೂಲವಾದ ಹಾಗೆ.

ಓದುಗ ಬಂಧುಗಳಿಗೆ ಉಪಯೋಗವಾದೀತೆಂದು ಕೆಲವು ಮಾತುಗಳನ್ನು ಹೇಳುತ್ತೇವೆ. ಮನೆಯಲ್ಲಿ ಯಾರ ಫೋನಿಗೆ ಇಂಟರ್‌ನೆಟ್ ಬೇಕು, ಯಾರಿಗೆ ಬೇಡ ಎಂಬುದನ್ನು ಮೊದಲು ಬರೆದುಕೊಳ್ಳಿ. ಯೋಜನೆಯ ಮೊತ್ತವನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬೀಳುತ್ತದೆಂದು ನೋಡಿ. ದರಗಳನ್ನು ಹೋಲಿಸಿ ನೋಡಲು ಟ್ರಾಯ್ ಪ್ರಾಧಿಕಾರದ ಜಾಲತಾಣವಿದೆ, ಮನೆಯ ಮಕ್ಕಳಿಂದ ತೆರೆಸಿ ನೋಡಬಹುದು. ಕಂಪೆನಿ ಬದಲಾಯಿಸುವ ಮುನ್ನ, ಹೋಗಬೇಕೆಂದಿರುವ ಕಂಪೆನಿಯ ಸಿಮ್ಮನ್ನು ಹೊಂದಿದವರನ್ನು ಮನೆಯೊಳಕ್ಕೆ ಕರೆದು ಸಂಕೇತ ಸಿಗುತ್ತದೆಯೇ ಎಂದು ಪರೀಕ್ಷಿಸಿ. ತುಮಕೂರು ನಗರದಲ್ಲಿ ಚೆನ್ನಾಗಿ ಕೇಳಿಸುವುದು ಗುಬ್ಬಿ ಕುಣಿಗಲ್ ತಾಲ್ಲೂಕಿನ ತೋಟದ ಮನೆಯಲ್ಲಿ ಕೇಳಿಸದೆ ಹೋಗಬಹುದು. ಒಂದು ಕಂಪೆನಿಯಲ್ಲಿ 90 ದಿನ ಕಳೆದ ಮೇಲೆಯೇ ಬದಲಾವಣೆಗೆ ಅವಕಾಶವುಂಟು. ಬಂದ ಗುಪ್ತಸಂಖ್ಯೆ ನಮ್ಮ ಕಡೆ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ರಿಯಾಯಿತಿ ಕೊಡುತ್ತೇವೆಂದು ಕರೆ ಮಾಡಿದವರು ಯಾರೇ ಆಗಲಿ, ಆ ಸಂಖ್ಯೆಯನ್ನಾಗಲಿ ಬ್ಯಾಂಕಿನಿಂದ ಬರುವ ಓಟಿಪಿಯನ್ನಾಗಲಿ ಅವರಿಗೆ ಹೇಳಕೂಡದು. ಇದರಲ್ಲಿ ಮೋಸ ಹೋದವರು ಅನೇಕರು. ದೂರು ಕೊಡುವುದಿದ್ದರೆ 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಆ ತುದಿಯಲ್ಲಿ ಮಾತನಾಡುವವರೂ ಸಂಬಳಕ್ಕೆ ದುಡಿಯುವ ಮಕ್ಕಳು. ದೃಢವಾಗಿ ಮಾತನಾಡಿ, ಕಟುವಾಗಿ ಬೇಡ.

ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಕೇಳಿ ಪಡೆದ ಬೆಲೆಯನ್ನು ಮುಚ್ಚಿಟ್ಟುಕೊಳ್ಳಬೇಡಿ. ಅನ್ನದ ದಾಸೋಹ, ಅಕ್ಷರದ ದಾಸೋಹಗಳನ್ನು ನಮ್ಮ ಮಠಗಳು ಮಾಡಿ ತೋರಿಸಿವೆ. ತಿಳಿವಳಿಕೆಯ ದಾಸೋಹಕ್ಕೆ ಮಠವಾಗಲಿ ಭಂಡಾರವಾಗಲಿ ಬೇಕಾಗಿಲ್ಲ, ಮನೆಯ ಜಗಲಿ ಸಾಕು. ಒಬ್ಬರು ಗಟ್ಟಿಯಾಗಿ ಕೇಳಿದ್ದರ ಫಲ ಕೇಳಲಾರದವರಿಗೂ ದಕ್ಕಿದರೆ ಆ ಚೌಕಾಸಿ ಸಾರ್ಥಕ. ಬಸವ ಜಯಂತಿಗೋ ಮದುವೆ ಮುಂಜಿಗೋ ಬಂಧುಬಳಗ ಕೂಡಿದಾಗ, ಮೂಲೆಯಲ್ಲಿ ಕುಳಿತ ಹಿರಿಯರ ಫೋನನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಅದಕ್ಕೆ ಎಷ್ಟು ದಿನಕ್ಕೊಮ್ಮೆ ಎಷ್ಟು ಕಟ್ಟುತ್ತಿದ್ದಾರೆಂದು ಕೇಳಿ. ಹತ್ತು ನಿಮಿಷದ ಆ ಕೆಲಸದಿಂದ ಅವರಿಗೆ ವರ್ಷಕ್ಕೆ ಸಾವಿರ ರೂಪಾಯಿ ಉಳಿದರೂ ಉಳಿದೀತು.