ಕಲಘಟಗಿಯ ಕಾಡುಗಾಯಕ

ಸವಾಯಿ ಗಂಧರ್ವರ ಕುಂದಗೋಳವನ್ನು ಮಡಿಲಲ್ಲಿರಿಸಿಕೊಂಡ ಧಾರವಾಡ ಜಿಲ್ಲೆ ಗಾಯಕರ ನಾಡೆಂಬುದನ್ನು ಬಲ್ಲವರು ಬಹಳ. ಆದರೆ ಯಾವ ಗುರುವಿನೆದುರೂ ತಂಬೂರಿ ಹಿಡಿದು ಕೂಡದ ಗಾಯಕನೊಬ್ಬ ಜಿಲ್ಲೆಯ ಪಡುವಣ ಅಂಚಿನಲ್ಲಿ ನೆಲೆಸಿರುವುದನ್ನು ಬಲ್ಲವರು ವಿರಳ. ಅದುವೇ ಶಾಮಾ ಹಕ್ಕಿ.

ಅದರ ಬೀಡನ್ನು ಅರಿಯಬೇಕಾದರೆ ಈ ಸೀಮೆಯ ನೀರಿನ ಜಾಡನ್ನು ಅರಿಯಬೇಕು. ಬೆಣ್ಣೆಹಳ್ಳವು ಕುಂದಗೋಳ, ನವಲಗುಂದಗಳ ಎರೆಭೂಮಿಯಲ್ಲಿ ಹರಿದು, ಮಲಪ್ರಭೆಯನ್ನು ಸೇರಿ ಮೂಡಣ ಕಡಲಿನತ್ತ ಸಾಗುತ್ತದೆ. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆಯಾದರೋ ಕಲಘಟಗಿಯ ಕಡೆಗೆ ಇಳಿದು, ಬೇಡ್ತಿಯನ್ನು ಕೂಡಿ ಪಡುಗಡಲಿನ ದಾರಿ ಹಿಡಿಯುತ್ತದೆ. ಜೋಳ, ಹತ್ತಿ, ಕಡಲೆಗಳ ಬಟ್ಟಬಯಲು ಶಾಮಾಕ್ಕೆ ಒಗ್ಗದು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಲಘಟಗಿಯನ್ನು ದಾಟಿದ ಮೇಲೆ ಭತ್ತದ ಗದ್ದೆಗಳ ನಡುವೆ ತೇಗ, ಮತ್ತಿ, ಬಿದಿರುಗಳು ತಲೆಯೆತ್ತುತ್ತವೆಯಷ್ಟೆ. ಉತ್ತರ ಕನ್ನಡದ ದಟ್ಟಡವಿಗೆ ಹೆಬ್ಬಾಗಿಲಿನಂತಿರುವ ಆ ಕಾಡೇ ಅದಕ್ಕೆ ತಕ್ಕ ನೆಲೆ.

ಮನೆಯಂಗಳಗಳಲ್ಲಿ ಕಾಣುವ ಮಡಿವಾಳ ಹಕ್ಕಿಗೆ ಶಾಮಾ ಹತ್ತಿರದ ಬಂಧು. ಗಂಡಿನ ತಲೆ, ಬೆನ್ನು, ಎದೆಗಳು ಮಿರುಗುವ ಕಪ್ಪು, ಹೊಟ್ಟೆ ಕೆಂಗಂದು, ಬಾಲದ ಬುಡ ಅಚ್ಚಬಿಳಿ. ನೀಳವಾದ ಬಾಲವೂ ಸೇರಿ ಉದ್ದ ಸುಮಾರು 25 ಸೆಂಟಿಮೀಟರು; ತೂಕ ಮಾತ್ರ 30 ಗ್ರಾಮಿನ ಆಸುಪಾಸು. ಹೆಣ್ಣಿನಲ್ಲಿ ಕಪ್ಪಿಗೆ ಬದಲು ಬೂದುಬಣ್ಣ. ಪೊದೆಗಳ ನೆರಳಿನಲ್ಲಿ, ಉದುರಿದ ತರಗೆಲೆಗಳ ನಡುವೆ ಹುಳುಹುಪ್ಪಟೆಗಳನ್ನು ಹೆಕ್ಕುತ್ತ ದಿನ ಕಳೆಯುವ ಈ ಸಂಕೋಚದ ಜೀವಿ, ನಸುಕಿನಲ್ಲಿಯೂ ಮುಚ್ಚಂಜೆಯಲ್ಲಿಯೂ ಕೊರಳು ತೆರೆದರೆ ಕೊಳಲನ್ನು ನೆನಪಿಸುವ ಇಂಪು ಹೊಮ್ಮುತ್ತದೆ. ನೆರೆಯ ಹಕ್ಕಿಗಳ ದನಿಗಳನ್ನೂ ತನ್ನ ಹಾಡಿನಲ್ಲಿ ಹೆಣೆದುಕೊಳ್ಳುವ ಜಾಣ್ಮೆ ಅದಕ್ಕುಂಟು.

ಏಪ್ರಿಲಿನಿಂದ ಜೂನಿನವರೆಗೆ ಸಂಸಾರದ ಕಾಲ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಗೆ ಒಪ್ಪುವಂತೆ ಈ ಹಕ್ಕಿಯ ತೊಟ್ಟಿಲೂ ಮರದ್ದೇ; ಬಡಿಗನ ಉಳಿ ಸೋಕದ ಪೊಳ್ಳುಮರ. ಅದರಲ್ಲಿ ಹೆಣ್ಣು ತಾನೊಂದೇ ಗೂಡು ಕಟ್ಟಿ, ನಾಲ್ಕೈದು ಮೊಟ್ಟೆಗಳನ್ನಿಟ್ಟು, 12ರಿಂದ 15 ದಿನ ಕಾವು ಕೊಡುತ್ತದೆ. ಮರಿಗಳಿಗೆ ಉಣಿಸಲು ಗಂಡೂ ನೆರವಾಗುತ್ತದೆ.

ಇಂಪಾದ ಕೊರಳೇ ಶಾಮಾಕ್ಕೆ ಪಂಜರವನ್ನೂ ತಂದಿತು. 1889ರಲ್ಲಿ ಜರ್ಮನಿಯ ಬಾಲಕ ಲುಡ್ವಿಗ್ ಕೋಖ್ ಮೇಣದ ಉರುಳೆಯೊಂದರ ಮೇಲೆ ಹಕ್ಕಿಯ ಹಾಡನ್ನು ಮುದ್ರಿಸಿದ. ಇಂದಿಗೆ ತಿಳಿದಿರುವ ಹಕ್ಕಿಹಾಡಿನ ಧ್ವನಿಮುದ್ರಣಗಳಲ್ಲಿ ಅದೇ ಅತಿ ಹಳೆಯದು. ಹಾಡಿದ್ದು ಪಂಜರದ ಶಾಮಾ. ಜಾವಾ ದ್ವೀಪದಲ್ಲಿ ಹಾಡಿನ ಪಂದ್ಯಗಳಿಗಾಗಿ ಹಿಡಿದು ಹಿಡಿದು, ಹಲವು ಕಾಡುಗಳಲ್ಲಿ ಅದರ ದನಿಯೇ ಅಡಗಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷೆಯಾಗಿ ನಿಂತಿದೆ.

ಆದರೆ ಕಾಯಿದೆ ಬಲೆಯನ್ನು ತಡೆದೀತು, ಬೆಂಕಿಯನ್ನು ತಡೆದೀತೆ? ಬೇಸಗೆಯ ಕಿಚ್ಚಿಗೆ ತರಗೆಲೆ ಬೂದಿಯಾದರೆ ಶಾಮಾದ ಊಟ ಹೋಯಿತು. ಪೊದೆ ಸವರಿದರೆ ಮರೆ ಹೋಯಿತು. ಕೆಲಸಕ್ಕೆ ಬಾರದ್ದೆಂದು ಪೊಳ್ಳುಮರವನ್ನು ಕಡಿದರೆ ತೊಟ್ಟಿಲೇ ಹೋಯಿತು. ದೂರದಿಂದ ನೋಡಿದವರಿಗೆ ಆಗಲೂ ಕಾಡು ಹಸುರಾಗಿಯೇ ಕಂಡೀತು. ನಸುಕಿನಲ್ಲಿ ಕಿವಿಗೊಟ್ಟವರಿಗಷ್ಟೇ ಕಳೆದುಹೋದದ್ದೇನೆಂಬುದು ತಿಳಿದೀತು.