ಕಮಾರ್ಗ್ ಅಕ್ಕಿಯ ಹಿಂದಿನ ಕೈಗಳು

ಎರಡು ತಿಂಗಳ ಕೆಲಸಕ್ಕೆಂದು ಫ್ರಾನ್ಸಿಗೆ ಬಂದವನು ನಾನು. ಪ್ರಾಜೆಕ್ಟ್ ಎಳೆದು ಎಳೆದು ಐದು ತಿಂಗಳಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನದು ಎರಡೇ ಪ್ರಶ್ನೆ: 'ಊಟಕ್ಕೇನ್ ಮಾಡ್ಕೊಂಡೆ?', 'ಯಾವಾಗ ಬರ್ತೀಯ?'

ಮೊದಲನೆಯದಕ್ಕೆ ಉತ್ತರ ಸುಲಭ. ಮಾರ್ಸೇ ನಗರದ ಸೂಪರ್ ಮಾರ್ಕೆಟ್‌ನಲ್ಲಿ 'ಕಮಾರ್ಗ್ ಅಕ್ಕಿ' ಅಂತ ಸಿಗುತ್ತೆ. ಫ್ರಾನ್ಸಿನಲ್ಲೇ ಬೆಳೆದದ್ದು. ಸ್ವಲ್ಪ ದಪ್ಪ ಕಾಳು, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ರೆಡ್ ತಿನ್ನುವವರ ದೇಶದಲ್ಲಿ ಭತ್ತ ಬೆಳೆಯೋರು ಯಾರಪ್ಪಾ ಅನ್ನೋ ಕುತೂಹಲಕ್ಕೆ ಜುಲೈನ ಒಂದು ಶನಿವಾರ ಆರ್ಲ್ ಪಟ್ಟಣದ ರೈಲು ಹತ್ತಿದೆ.

ಆರ್ಲ್ ಹತ್ತಿರ ರೋನ್ ನದಿ ಎರಡಾಗಿ ಕವಲೊಡೆದು ಸಮುದ್ರದ ಕಡೆ ಹರಿಯುತ್ತೆ. ಆ ಎರಡು ಕವಲುಗಳ ನಡುವಿನ ತಗ್ಗು ನೆಲವೇ ಕಮಾರ್ಗ್. ಅಲ್ಲಿಂದ ಬಸ್ಸಿನಲ್ಲಿ ಸಲ್ಯಾಂ ದ ಜಿರೋ ಎಂಬ ಊರಿಗೆ ಹೊರಟೆ. ದಾರಿಯುದ್ದಕ್ಕೂ ಬಿಳಿ ಕುದುರೆಗಳು, ಹಿನ್ನೀರಿನಲ್ಲಿ ಒಂಟಿ ಕಾಲಲ್ಲಿ ನಿಂತ ಫ್ಲೆಮಿಂಗೊಗಳು. ಇದ್ದಕ್ಕಿದ್ದಂತೆ ಹಸಿರು ಗದ್ದೆಗಳು! ಒಂದು ಕ್ಷಣ ಮಂಡ್ಯದ ಕಡೆ ಹೋಗ್ತಿದ್ದೀನೇನೋ ಅನ್ನಿಸಿತು.

ಸಲ್ಯಾಂ ದ ಜಿರೋ ಉಪ್ಪಿನ ಊರು. ಕಾರ್ಮಿಕರಿಗಾಗಿ ಕಟ್ಟಿಸಿದ ಕೆಂಪು ಇಟ್ಟಿಗೆಯ ಮನೆಗಳ ಸಾಲು ಈಗಲೂ ಇದೆ. ನಾನು ನೋಡಬೇಕೆಂದು ಬಂದದ್ದು ಅಲ್ಲಿನ ಒಂದು ಸ್ಮಾರಕವನ್ನು. 2014ರಲ್ಲಿ ಉದ್ಘಾಟನೆಯಾದ ಅದು ವಿಯೆಟ್ನಾಮಿನಿಂದ ಬಂದ ಕೂಲಿಗಳ ನೆನಪಿಗೆ ನಿಂತಿದೆ. ರೂಪಿಸಿದವರು ಲೆ ಬಾ ಡಾಂಗ್ ಎಂಬ ಕಲಾವಿದ. ಅವರೂ 1939ರಲ್ಲಿ ಹಾಗೆ ಬಂದ ಕೂಲಿಯೇ.

ಕತೆ ಹೀಗಿದೆ. ಆಗ ವಿಯೆಟ್ನಾಂ ಫ್ರೆಂಚರ ವಸಾಹತು. ಮೊದಲ ಮಹಾಯುದ್ಧದಲ್ಲೂ ಅಲ್ಲಿಂದ ಸಾವಿರಾರು ಸೈನಿಕರನ್ನು, ಕೂಲಿಗಳನ್ನು ಕರೆತಂದಿದ್ದರು. 1939ರಲ್ಲಿ ಮತ್ತೆ ಯುದ್ಧ ಶುರುವಾದಾಗ ಸುಮಾರು 20,000 ಜನರನ್ನು ಹಡಗು ಹತ್ತಿಸಿದರು. ಕೆಲವರು ತಾವಾಗಿ ಬಂದವರು, ಹೆಚ್ಚಿನವರು ಬಲವಂತಕ್ಕೆ ಬಂದ ಹಳ್ಳಿಯವರು. ಮಾರ್ಸೇಯಲ್ಲಿ ಇಳಿದವರಿಗೆ ಮೊದಲ ಬಿಡಾರ ಎಲ್ಲಿ ಗೊತ್ತಾ? ಆಗಷ್ಟೇ ಕಟ್ಟಿದ್ದ ಬೋಮೆತ್ ಜೈಲು! ಅಲ್ಲಿಂದ ಮದ್ದುಗುಂಡಿನ ಕಾರ್ಖಾನೆಗಳಿಗೆ.

1940ರಲ್ಲಿ ಫ್ರಾನ್ಸ್ ಸೋತಿತು. ಕೆಲವು ಸಾವಿರ ಜನ ವಾಪಸ್ ಹೋದರು. ಆಮೇಲೆ ಸಮುದ್ರದ ದಾರಿ ಮುಚ್ಚಿಹೋಯಿತು. ಉಳಿದ ಸುಮಾರು 15,000 ಜನ ಇಲ್ಲೇ ಸಿಕ್ಕಿಬಿದ್ದರು. ಅವರನ್ನು ಕಾಡು ಕಡಿಯಲು, ಉಪ್ಪು ತೆಗೆಯಲು ಹಚ್ಚಿದರು. ಸಂಬಳ ಫ್ರೆಂಚ್ ಕೆಲಸಗಾರರಿಗೆ ಹೋಲಿಸಿದರೆ ಏನೇನೂ ಅಲ್ಲ.

ಕಮಾರ್ಗ್ ಮಣ್ಣಿನಲ್ಲಿ ಉಪ್ಪು ಜಾಸ್ತಿ. ನದಿಯ ಸಿಹಿನೀರು ನಿಲ್ಲಿಸಿದರೆ ಉಪ್ಪು ಕೆಳಗಿಳಿಯುತ್ತೆ. ಅದಕ್ಕೇ ಇಲ್ಲಿನವರು ಹಿಂದೆಯೂ ಭತ್ತ ಹಾಕುತ್ತಿದ್ದರು, ಆದರೆ ಅದು ನೆಲ ಹದ ಮಾಡಲಿಕ್ಕೆ, ಅನ್ನಕ್ಕಲ್ಲ. ಯುದ್ಧದ ಹಸಿವಿನ ಕಾಲದಲ್ಲಿ, ನಾಟಿ ಗೊತ್ತಿದ್ದ ಈ ರೈತಮಕ್ಕಳನ್ನು ಗದ್ದೆಗಿಳಿಸಿದರು. ಊಟದ ಅಕ್ಕಿ ಬಂತು! ಇವತ್ತು ಫ್ರಾನ್ಸಿನ ಅಕ್ಕಿ ಅಂದರೆ ಕಮಾರ್ಗ್.

1945ರಲ್ಲಿ ಯುದ್ಧ ಮುಗಿದರೂ ಇವರಿಗೆ ಹಡಗಿಲ್ಲ. ಅಷ್ಟರಲ್ಲಿ ವಿಯೆಟ್ನಾಮಿನಲ್ಲೇ ಫ್ರೆಂಚರ ವಿರುದ್ಧ ಯುದ್ಧ. ಕೊನೆಯವರು ಊರಿಗೆ ಹೊರಟಾಗ 1952. ಹೋದವರ ಮೇಲೂ ಅನುಮಾನ: ಫ್ರೆಂಚರ ಕಣ್ಣಿಗೆ ಇವರು ಬಂಡಾಯಗಾರರು, ಊರಿನ ಕೆಲವರ ಕಣ್ಣಿಗೆ ಫ್ರೆಂಚರ ಸೇವೆ ಮಾಡಿ ಬಂದವರು. ಸುಮಾರು ಸಾವಿರ ಜನ ಫ್ರಾನ್ಸಿನಲ್ಲೇ ಉಳಿದರು. 2009ರಲ್ಲಿ ಆರ್ಲ್‌ನ ಮೇಯರ್ ಬದುಕುಳಿದಿದ್ದ ಕೆಲವರನ್ನು ಕರೆದು ಗೌರವಿಸಿದರು. ಅಷ್ಟೊತ್ತಿಗೆ ಅವರಿಗೆಲ್ಲ ತೊಂಬತ್ತರ ಆಸುಪಾಸು.

ಸ್ಮಾರಕದ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಮೂರು ತಿಂಗಳು ತಡವಾಯಿತೆಂದು ದಿನಾ ಗೊಣಗುತ್ತಿದ್ದ ನನಗೆ ನಾಚಿಕೆಯಾಯಿತು. ನನ್ನ ಜೇಬಿನಲ್ಲಿ ಪಾಸ್‌ಪೋರ್ಟ್ ಇದೆ, ಫೋನ್ ಇದೆ. ತೀರಾ ಬೇಸರವಾದರೆ ಕೆಲಸ ಬಿಟ್ಟು ನಾಳೆಯೇ ವಿಮಾನ ಹತ್ತಬಹುದು.

ಮರುದಿನ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ನಾನಾದ್ರೆ ನಿನ್ನನ್ನೇ ಕೇಳ್ತೀನಿ, ಯಾವಾಗ ಬರ್ತೀಯ ಅಂತ. ಪಾಪ, ಆ ತಾಯಂದ್ರು ಅಷ್ಟು ವರ್ಷ ಯಾರನ್ನ ಕೇಳಿರ್ಬೇಕು?'

ಆ ರಾತ್ರಿ ಕಮಾರ್ಗ್ ಅಕ್ಕಿಯ ಮೊಸರನ್ನವನ್ನು ಒಂದು ಅಗುಳೂ ಬಿಡದೆ ಉಂಡೆ.