ಕೆಂಪು ನೆಲದ ಕೆಲಸ

ಗಾರೆ ಕೆಲಸದಲ್ಲಿ ನನಗೆ ಗೋಡೆಗಿಂತ ನೆಲದ ಮೇಲೆ ಮೋಹ ಹೆಚ್ಚು. ಗೋಡೆಯನ್ನು ಕಣ್ಣು ನೋಡುತ್ತದೆ, ನೆಲವನ್ನು ಅಂಗಾಲು ಬಲ್ಲದು. ಅದರಲ್ಲೂ ರೆಡ್ ಆಕ್ಸೈಡ್ ನೆಲ. ಬೇಸಿಗೆಯ ಮಧ್ಯಾಹ್ನ ಚಾಪೆ ಸರಿಸಿ ಬರಿ ನೆಲಕ್ಕೆ ಬೆನ್ನು ಕೊಟ್ಟವರಿಗೆ ಅದರ ತಂಪನ್ನು ವಿವರಿಸಬೇಕಾಗಿಲ್ಲ. ಬಸವನಗುಡಿಯಲ್ಲಿ, 1948ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಜಯನಗರದ ಹಳೆಯ ಬ್ಲಾಕುಗಳಲ್ಲಿ ಇಂಥ ನೆಲದ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಮೊಸಾಯಿಕ್ ಬಂತು, ಗ್ರಾನೈಟ್ ಬಂತು, ಈಗ ವಿಟ್ರಿಫೈಡ್ ಟೈಲು. ಟೈಲು ಹಾಕಿದ ದಿನ ಎಷ್ಟು ಚೆಂದವೋ ಅಷ್ಟೇ, ಅಲ್ಲಿಂದ ಮುಂದೆ ಇಳಿಮುಖ. ಕೆಂಪು ನೆಲ ಮೂವತ್ತು ವರ್ಷ ತುಳಿಸಿಕೊಂಡ ಮೇಲೆ ಮೊದಲಿಗಿಂತ ಹೊಳೆಯುತ್ತದೆ. ಜಯನಗರದಲ್ಲಿ ನಮ್ಮ ಸೋದರತ್ತೆಯ ಮನೆಯಿತ್ತು. ಅಲ್ಲಿ ಸಂಜೆ ದೇವರ ಮುಂದೆ ಹಚ್ಚಿದ ದೀಪ ನೆಲದೊಳಗೂ ಉರಿಯುತ್ತಿತ್ತು. ಆ ಮನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ.

ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದ ಮೇಲೆ ಬನಶಂಕರಿ ಎರಡನೇ ಹಂತದ ನಮ್ಮ ಥರ್ಟಿ–ಫಾರ್ಟಿ ಸೈಟಿನ ಮನೆಯ ಮಹಡಿಯಲ್ಲಿ ಒಂದು ಕೋಣೆ, ಅದರ ಮುಂದೊಂದು ಜಗಲಿ ಕಟ್ಟಿಸಲು ಹೊರಟೆ. ಕಟ್ಟಿಸುವುದಷ್ಟೇ ಅಲ್ಲ, ಕೈಲಾದಷ್ಟು ನಾನೂ ಕಟ್ಟಬೇಕೆಂಬ ಆಸೆ. ಗೋಡೆಗೆ ಸುಡದ ಮಣ್ಣಿನ ಬ್ಲಾಕು. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಹದಗೊಳಿಸಿದ ವಿದ್ಯೆ ಅದು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ವಾರಗಟ್ಟಲೆ ನೀರುಣಿಸಿದರೆ ಮುಗಿಯಿತು, ಗೂಡಿನ ಬೆಂಕಿ ಬೇಡ. ಒಂದೊಂದು ಬ್ಲಾಕು ಸುಮಾರು 8 ಕಿಲೋ. ದಾರ ಕಟ್ಟಿ, ಗುಂಡು ಬಿಟ್ಟು, ವರಸೆಯ ಮೇಲೆ ವರಸೆ ಇಡುತ್ತಾ ಹೋದಾಗ ಸಿಕ್ಕ ಸುಖ ಬ್ಯಾಂಕಿನ ಯಾವ ಲೆಕ್ಕ ಸರಿಹೊಂದಿದಾಗಲೂ ಸಿಕ್ಕಿರಲಿಲ್ಲ.

ಆದರೂ ನಾನು ಕಾದಿದ್ದದ್ದು ನೆಲಕ್ಕೆ. ಕೆಂಪು ನೆಲ ಹಾಕಬಲ್ಲ ಮೇಸ್ತ್ರಿಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಕೊನೆಗೆ ಸಿಕ್ಕವರು ಕನಕಪುರದ ಕಡೆಯ ಹಿರಿಯರು. ಮೊದಲು ಜಲ್ಲಿ ಕಾಂಕ್ರೀಟಿನ ಹಾಸು, ಅದರ ಮೇಲೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ದಪ್ಪಕ್ಕೆ ಮರಳು–ಸಿಮೆಂಟಿನ ಮಾಲು. ಅದು ಒಣಗುವ ಮುಂಚೆ, ಬೆರಳಿಟ್ಟರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು ಎನ್ನುವ ಹದದಲ್ಲಿ, ಬಣ್ಣದ ತೆಳು ಮೇಲ್ಪದರ. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡು ನಮ್ಮ ಮೇಸ್ತ್ರಿಯ ಲೆಕ್ಕ. ಎರಡನ್ನೂ ಒಣಗಿದ್ದಾಗಲೇ ಬೆರೆಸಿ, ಜರಡಿ ಹಿಡಿದು, ಇಡೀ ಕೋಣೆಗೆ ಸಾಲುವಷ್ಟನ್ನು ಒಂದೇ ಸಲಕ್ಕೆ ಸಿದ್ಧ ಮಾಡಿಕೊಳ್ಳಬೇಕು. ಎರಡನೇ ಸಲ ಬೆರೆಸಿದ್ದರ ಬಣ್ಣ ಮೊದಲಿನದಕ್ಕೆ ಕೂಡುವುದಿಲ್ಲ.

ಆಮೇಲೆ ಕರಣೆಯ ಕೆಲಸ. ಮೇಸ್ತ್ರಿ ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂತು, ಉಜ್ಜುತ್ತಾ ಉಜ್ಜುತ್ತಾ ಬಾಗಿಲ ಕಡೆಗೆ ಹಿಂದಕ್ಕೆ ಸರಿಯುತ್ತಾರೆ. ಶುರುವಿನಲ್ಲಿ ಕರಣೆ ಸರಸರ ಎನ್ನುತ್ತದೆ. ಪದರ ಬಿಗಿಯುತ್ತಾ ಬಂದಂತೆ ಸದ್ದು ಸಣ್ಣಗಾಗಿ, ಕೊನೆಗೆ ಲೋಹದ ಕಿಣಿ ಕೇಳುತ್ತದೆ. ಆ ಕಿಣಿ ಬಂದ ಮೇಲೂ ಉಜ್ಜಬೇಕು, ಹೊಳಪು ಏಳುವುದೇ ಆಗ. ನಡುವೆ ಎದ್ದು ಕಾಫಿ ಕುಡಿದು ಬರುವ ಕೆಲಸವಲ್ಲ ಇದು. ನೀರು ತಾಗಿದ ಮಾಮೂಲಿ ಸಿಮೆಂಟು 30 ನಿಮಿಷಕ್ಕೆ ಮುಂಚೆ ಬಿಗಿಯಲು ಶುರುವಾಗಬಾರದು, 10 ಗಂಟೆ ದಾಟುವುದರೊಳಗೆ ಪೂರ್ತಿ ಬಿಗಿದಿರಬೇಕು ಎಂಬುದು ನಮ್ಮ ದೇಶದ ಮಾನದಂಡ. ನೆಲದ ಚೆಲುವೆಲ್ಲ ಆ ಎರಡು ಗೆರೆಗಳ ನಡುವೆಯೇ ಆಗಬೇಕು.

ಅಂಥ ದಿನವೇ ನನ್ನ ಬೆನ್ನು ಹಿಡಿಯಿತು. ಸಿಮೆಂಟು ಮೂಟೆ ಎತ್ತುವಾಗಲ್ಲ, ನೆಲದಲ್ಲಿದ್ದ ಖಾಲಿ ಜರಡಿ ತೆಗೆದುಕೊಳ್ಳಲು ಬಗ್ಗಿದಾಗ. ಸೊಂಟದಿಂದ ಎಡಗಾಲಿನ ಹಿಮ್ಮಡಿವರೆಗೆ ಸುಟ್ಟಂತೆ ಒಂದು ಗೆರೆ ಇಳಿಯಿತು. ಸಹಾಯಕ್ಕಿದ್ದ ಹೆಂಗಸು ತಾರಸಿಯ ಮೂಲೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದಳು. ಮೇಸ್ತ್ರಿ ಒಳಗಿನಿಂದಲೇ ಕೂಗಿದರು: “ಅಮ್ಮಾ, ಅಲ್ಲಾಡಬೇಡಿ, ಹಾಗೇ ಮಲಗಿರಿ. ನಾನೀಗ ಎದ್ದು ಬರೋ ಹಂಗಿಲ್ಲ, ಇದು ಕಾಯಲ್ಲ.” ನನಗೆ ಬೇಸರವಾಗಲಿಲ್ಲ. ಎದ್ದು ಬಂದಿದ್ದರೆ ಬೇಸರವಾಗುತ್ತಿತ್ತು. ಕೋಣೆ ಮುಗಿಯುವ ತನಕ ಆ ಸದ್ದು ಸರಸರದಿಂದ ಕಿಣಿಯವರೆಗೆ ಏರುವುದನ್ನು ಮಲಗಿದಲ್ಲೇ ಕೇಳಿದೆ.

ಬೆನ್ನುಮೂಳೆಯ ತಳದಲ್ಲಿ, ಕೊನೆಯ ಎರಡು ಮೂಳೆಗಳ ನಡುವಿನ ಡಿಸ್ಕು ಹೊರಚಾಚಿ ನರವನ್ನು ಒತ್ತುತ್ತಿದೆ ಎಂದು ಎಂಆರ್‌ಐ ಹೇಳಿತು. ಸೊಂಟದ ಡಿಸ್ಕಿನ ತೊಂದರೆಗಳಲ್ಲಿ ಹೆಚ್ಚಿನವು ತಳದ ಎರಡು ಡಿಸ್ಕುಗಳಲ್ಲೇ ಆಗುತ್ತವಂತೆ. ಮೇಲಿನ ಭಾರವೆಲ್ಲ ಇಳಿಯುವುದು ಅಲ್ಲಿಗೇ. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ ಎಂದ ಡಾಕ್ಟರು, ಹಾಸಿಗೆ ಹಿಡಿಯಬೇಡಿ, ನಡೆದಾಡಿ, ಆದರೆ ಬಗ್ಗಿ ಭಾರ ಎತ್ತಬೇಡಿ ಎಂದರು. ನೆಲದ ಕೆಲಸದವಳಿಗೆ ಬಗ್ಗಬೇಡ ಎಂದರೆ ಏನು ಉಳಿಯಿತು? ಜಗಲಿ ಅಲ್ಲಿಗೇ ನಿಂತಿತು. ಸಿಮೆಂಟು ಮೂರು ತಿಂಗಳು ಇಟ್ಟರೆ ಬಲ ಕುಂದುತ್ತದೆ. ಉಳಿದ ಮೂಟೆಗಳನ್ನು ಪಕ್ಕದ ಬೀದಿಯ ಕಟ್ಟಡಕ್ಕೆ ಕೊಟ್ಟುಬಿಟ್ಟೆವು.

ಬೆನ್ನಿನ ಬಗ್ಗೆ ಓದತೊಡಗಿದೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿನೊಳಗೇ ಸೂಜಿ ಇಳಿಸಿ ಒತ್ತಡ ಅಳೆದವರು. ನಿಂತಾಗಿನ ಒತ್ತಡ 100 ಎಂದಿಟ್ಟುಕೊಂಡರೆ, ಅಂಗಾತ ಮಲಗಿದಾಗ 25, ಕೂತು ಮುಂದಕ್ಕೆ ಬಾಗಿದಾಗ 185. ಆ ಪಟ್ಟಿಯಲ್ಲಿರುವುದು ಕುರ್ಚಿಯ ಮೇಲೆ ಕೂತವರ ಲೆಕ್ಕ. ನಮ್ಮ ಮೇಸ್ತ್ರಿಯ ಕುಕ್ಕರಗಾಲು ಅದರಲ್ಲಿಲ್ಲ.

ಫಿಸಿಯೋಥೆರಪಿಯ ಹುಡುಗಿ ಕಲಿಸಿದ ಮೊದಲ ವ್ಯಾಯಾಮ ಬೋರಲು ಮಲಗುವುದು, ಆಮೇಲೆ ಮೊಣಕೈ ಊರಿ ಎದೆ ಎತ್ತುವುದು. ನಮ್ಮ ಭುಜಂಗಾಸನದ ಹತ್ತಿರದ ನೆಂಟ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರ ರೋಗಿಯೊಬ್ಬ, ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ಹಾಗೆಯೇ ಬೋರಲು ಮಲಗಿಬಿಟ್ಟನಂತೆ. ಮೆಕೆಂಜಿ ಬಂದು ನೋಡುವ ಹೊತ್ತಿಗೆ ಅವನ ಕಾಲುನೋವು ಹೋಗಿತ್ತು. ಅಲ್ಲಿಂದ ಒಂದು ಚಿಕಿತ್ಸಾ ಪದ್ಧತಿಯೇ ಬೆಳೆಯಿತು. ವ್ಯಾಯಾಮಕ್ಕೆ ಗಟ್ಟಿ ನೆಲ ಬೇಕಿತ್ತು. ನಮ್ಮಲ್ಲಿ ಹೊಸ ನೆಲವೇ ಇತ್ತಲ್ಲ!

ಅಷ್ಟರಲ್ಲಿ ಕೋಣೆಯ ಕ್ಯೂರಿಂಗ್ ಮುಗಿದಿತ್ತು. ನೀರು ನಿಲ್ಲಿಸಲು ಹೊಸ್ತಿಲಿಗೆ ಕಟ್ಟಿದ್ದ ಮಣ್ಣಿನ ಒಡ್ಡು ತೆಗೆದು, ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದ್ದರು. ಕೆನ್ನೆಯನ್ನು ಆ ನೆಲಕ್ಕಿಟ್ಟು ಮಲಗಿದಾಗ, ಕಿಟಕಿಯ ಬೆಳಿಗ್ಗೆಯ ಬೆಳಕು ಓರೆಯಾಗಿ ಬಂದು, ನಿಂತು ನೋಡಿದರೆ ಎಂದೂ ಕಾಣದ್ದು ಕಂಡಿತು. ಕರಣೆಯ ಕಮಾನುಗಳು, ಒಂದರ ಮೇಲೊಂದು, ನೂರಾರು. ಎಲ್ಲವೂ ಎಡಕ್ಕೆ ಚಿಕ್ಕದಾಗಿ ತಿರುಗಿ ಬಲಕ್ಕೆ ಚಾಚಿಕೊಂಡಿದ್ದವು. ಮೇಸ್ತ್ರಿಯ ಬಲಗೈ ಎಟುಕಿದ ದೂರ ಅದು. ಕಮಾನಿನ ಕೊನೆಗೆ ಬಣ್ಣ ತುಸು ಗಾಢ, ಅಲ್ಲಿ ಕೈ ಹೆಚ್ಚು ಒತ್ತಿದೆ. ಹಿತ್ತಾಳೆ ಪಟ್ಟಿ ಕೂರಿಸಿ ನೆಲವನ್ನು ಚೌಕ ಚೌಕವಾಗಿ ವಿಂಗಡಿಸುವುದು ಬಿರುಕು ಬಿಡದಿರಲೆಂದು. ಆದರೆ ಚೌಕದ ಅಗಲ ಕೂತ ಮನುಷ್ಯನ ತೋಳಿಗೆ ಸರಿಯಾಗಿ ಹೊಂದುತ್ತದೆ ಎಂಬುದು ಮಲಗಿದ ಮೇಲೆ ತಿಳಿಯಿತು. ಅಂದಿನಿಂದ ಯಾರ ಮನೆಗೆ ಹೋದರೂ ನೆಲದಲ್ಲಿ ಕೂತು ಬೆಳಕಿಗೆ ಓರೆಯಾಗಿ ನೋಡುತ್ತೇನೆ. ಯಾರೋ ಅಲ್ಲಿ ಕೂತು ಸರಿದ ದಾರಿ ಸಿಗುತ್ತದೆ.

ಎದ್ದು ಓಡಾಡುವಂತಾದ ಮೇಲೆ ಮೂಟೆ ಕೊಟ್ಟ ಪಕ್ಕದ ಬೀದಿಯ ಕಟ್ಟಡದ ಮುಂದೆ ನಿಂತು ನೋಡುವುದೇ ನನ್ನ ಕೆಲಸವಾಯಿತು. ನಮ್ಮಲ್ಲಿ ಸಿಮೆಂಟಿನ ಮೂಟೆ 50 ಕಿಲೋ. ಇಂಗ್ಲೆಂಡಿನಲ್ಲಿ ಅದು 25. ಎಲ್ಲ ಅನುಕೂಲವಿದ್ದಾಗಲೂ ಒಬ್ಬರು 23 ಕಿಲೋಗಿಂತ ಹೆಚ್ಚು ಎತ್ತದಿರುವುದು ಒಳ್ಳೆಯದು ಎನ್ನುತ್ತದೆ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಷ್. ನಮ್ಮ ಹುಡುಗರು ಅದರ ಎರಡು ಪಟ್ಟನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತುತ್ತಾರೆ. ಬಾಂಡ್ಲಿ ಹೊರುವ ಹೆಂಗಸರ ವಿದ್ಯೆ ಬೇರೆ. ತಲೆಗೆ ಸಿಂಬಿ ಇಟ್ಟು, ತುಂಬಿದ ಬಾಂಡ್ಲಿಯನ್ನು ಇನ್ನೊಬ್ಬರು ಎತ್ತಿಕೊಟ್ಟ ಮೇಲೆ, ಬೆನ್ನು ನೆಟ್ಟಗಿಟ್ಟುಕೊಂಡು ಮೊಣಕಾಲಿನಲ್ಲೇ ಇಳಿಯುತ್ತಾರೆ, ಏಳುತ್ತಾರೆ. ಫಿಸಿಯೋಥೆರಪಿಯಲ್ಲಿ ನಾನು ದುಡ್ಡು ಕೊಟ್ಟು ಕಲಿತದ್ದು ಇದನ್ನೇ. ಆದರೂ ಅವರಿಗೂ ಬೆನ್ನು ಹಿಡಿಯುತ್ತದೆ, ಹಿಡಿದ ದಿನದ ಕೂಲಿ ಇಲ್ಲ. 1996ರ ಕಾಯಿದೆಯಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60ರೊಳಗಿನ, ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ನನ್ನನ್ನು ಗೋಣಿಯ ಮೇಲೆ ಮಲಗಿಸಿದವಳ ಹತ್ತಿರ ಕಾರ್ಡು ಇರಲಿಲ್ಲ. ಅರ್ಜಿ ತುಂಬುವುದಕ್ಕೆ ಬ್ಯಾಂಕಿನ ಅನುಭವ ಉಪಯೋಗಕ್ಕೆ ಬಂತು.

ಈಗ ಮಳೆ ಮುಗಿದಿದೆ. ಜಗಲಿಗೆ ಹೊಸ ಸಿಮೆಂಟು ಬಂದಿದೆ. ನನಗೆ ಕೂರುವ ಕೆಲಸಕ್ಕೆ ಅನುಮತಿ ಸಿಕ್ಕಿದೆ, ಭಾರ ಎತ್ತುವುದಕ್ಕಿಲ್ಲ. ಆದ್ದರಿಂದ ಜರಡಿ ಹಿಡಿಯುವುದು ಮೇಜಿನ ಮೇಲೆ, ಅಂಚು ಎಳೆಯುವುದು ಮಣೆಯ ಮೇಲೆ ಕೂತು. ಅಂಚಿನ ಬಣ್ಣದ ಬಗ್ಗೆ ಮಾತ್ರ ಮೇಸ್ತ್ರಿಗೂ ನನಗೂ ಇನ್ನೂ ಒಮ್ಮತವಿಲ್ಲ. “ಕೆಂಪಿಗೆ ಕಪ್ಪೇ ಚೆಂದ ಅಮ್ಮಾ, ಹಳೇ ಮನೆಗಳಲ್ಲೆಲ್ಲ ಅದೇ” ಎನ್ನುತ್ತಾರೆ ಅವರು. ಜಗಲಿ ಪಡುವಣಕ್ಕೆ ತೆರೆದಿದೆ, ಸಂಜೆ ಬಿಸಿಲು ನೇರ ಬೀಳುತ್ತದೆ, ಅಲ್ಲಿ ಹಳದಿಯೇ ಬೇಕು ಎಂದು ನನ್ನ ಹಟ. “ಎರಡನ್ನೂ ಒಂದೊಂದು ಗೇಣು ಹಾಕಿ ತೋರಿಸ್ತೀನಿ, ಒಣಗಿದ ಮೇಲೆ ನೀವೇ ಹೇಳಿ” ಎಂದು ಹೇಳಿ ಮೇಸ್ತ್ರಿ ಸೋಮವಾರ ಬರುತ್ತಿದ್ದಾರೆ.